ನೀರಿನ ವರದಿಯಲ್ಲಿ ಕಾಣದ ಪಾಷಾಣ – ಸುರಪುರ ಭಾಗದ ಆರ್ಸೆನಿಕ್ ಕಾಯಿಲೆ: ಸಂಶೋಧನೆ, ಚಿಕಿತ್ಸೆ ಮತ್ತು ನೀತಿ

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹೊಸದಾಗಿ ಉದ್ದಿಮೆ ಹೂಡುವವರು ಮೊಟ್ಟಮೊದಲು ಕೈಗೊಳ್ಳುವ ಕೆಲಸಗಳಲ್ಲಿ ಕೊಳವೆಬಾವಿ ಕೊರೆಯಿಸುವುದೂ ಒಂದು. ಬೇಳೆ ಮಿಲ್ಲಾಗಲಿ, ಅಕ್ಕಿ ಗಿರಣಿಯಾಗಲಿ, ಹತ್ತಿ ಜಿನ್ನಿಂಗ್ ಕಾರ್ಖಾನೆಯಾಗಲಿ, ಖಾನಾವಳಿಯಾಗಲಿ, ಕ್ಯಾನ್ ನೀರಿನ ಘಟಕವಾಗಲಿ ನೀರಿಲ್ಲದೆ ನಡೆಯದು. ನೀರು ಬಿದ್ದೊಡನೆ ಎಷ್ಟು ಇಂಚು ಬಂದಿತು, ಸಿಹಿಯೋ ಸವಳೋ ಎಂಬ ಎರಡು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಎರಡಕ್ಕೂ ಒಳ್ಳೆಯ ಉತ್ತರ ದೊರೆತರೆ ಮೋಟಾರು ಇಳಿಸಿ, ಪೈಪು ಜೋಡಿಸಿ, ನೀರಿನ ವಿಚಾರ ಮುಗಿಯಿತೆಂದು ಭಾವಿಸುವುದು ವಾಡಿಕೆ.

ಈ ಎರಡು ಪ್ರಶ್ನೆಗಳಿಗೂ ಸಿಕ್ಕದ ವಸ್ತುವೊಂದು ಇದೇ ನೆಲದ ಕೆಲವು ಕೊಳವೆಬಾವಿಗಳಲ್ಲಿದೆ. ಅದು ಆರ್ಸೆನಿಕ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸಿಹಿ ನೀರಿನಲ್ಲಿಯೂ ಇರಬಹುದು, ಸವಳು ನೀರಿನಲ್ಲಿ ಇಲ್ಲದೆಯೂ ಇರಬಹುದು. ಹಳೆಯ ಕಾಲದ ಗಿಡಮೂಲಿಕೆ ಅಂಗಡಿಗಳ ವರ್ತಕರಿಗೆ ಇದರ ಸಂಯುಕ್ತಗಳು ಅಪರಿಚಿತವಲ್ಲ. ಹರಿತಾಳ, ಮನಶ್ಶಿಲೆ, ಶಂಖಪಾಷಾಣ ಎಂಬ ಹೆಸರುಗಳಲ್ಲಿ ಅವು ಬಣ್ಣಕ್ಕೂ ಔಷಧಕ್ಕೂ ಮಾರಾಟವಾಗುತ್ತಿದ್ದವು. ಅಲ್ಲಿ ಅದು ಕಣ್ಣಿಗೆ ಕಾಣುವ, ತಕ್ಕಡಿಯಲ್ಲಿ ತೂಗುವ ಸರಕು. ಕೊಳವೆಬಾವಿಯ ನೀರಿನಲ್ಲಿ ಅದನ್ನು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ. ಒಂದು ಗ್ರಾಂನ ಹತ್ತು ಲಕ್ಷ ಪಾಲುಗಳಲ್ಲಿ ಒಂದು ಪಾಲೇ ಮೈಕ್ರೋಗ್ರಾಂ.

ಕಿರದಳ್ಳಿ ತಾಂಡಾದಲ್ಲಿ ಕಂಡದ್ದು

ಕರ್ನಾಟಕದ ಈಶಾನ್ಯ ಭಾಗದಲ್ಲಿ ಆರ್ಸೆನಿಕ್‌ನಿಂದ ಉಂಟಾದ ಕಾಯಿಲೆಯನ್ನು ವೈದ್ಯಕೀಯವಾಗಿ ದಾಖಲಿಸಿದ ಮೊದಲ ವರದಿಗಳಲ್ಲೊಂದು ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾಕ್ಕೆ ಸಂಬಂಧಿಸಿದುದು. ಕೊಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಈ ಅಧ್ಯಯನವು 2013ರಲ್ಲಿ ಅಪಾಯಕಾರಿ ವಸ್ತುಗಳ ಕುರಿತ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಅಚ್ಚಾಯಿತು. ಶೀರ್ಷಿಕೆಯಲ್ಲಿ ‘ಮಂಗಳೂರು’ ಎಂಬ ಹೆಸರಿದ್ದುದರಿಂದ ಹೊರಗಿನ ಓದುಗರು ಕರಾವಳಿಯ ನಗರವೆಂದು ತಪ್ಪು ತಿಳಿಯುವ ಸಂಭವವಿತ್ತು. ಅದು ಸುರಪುರ ಸೀಮೆಯ ಮಂಗಳೂರು, ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಊರು.

ಅಧ್ಯಯನದ ಅಂಕಿಗಳು ಚಿಕ್ಕವು, ಆದರೆ ತೂಕವುಳ್ಳವು. ಪರೀಕ್ಷೆಗೊಳಪಟ್ಟ 59 ಕೊಳವೆಬಾವಿ ಮಾದರಿಗಳಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತ್ಯಧಿಕ ಪ್ರಮಾಣ 303 ಮೈಕ್ರೋಗ್ರಾಂ, ಅಂದರೆ ಮಿತಿಯ ಮೂವತ್ತು ಪಟ್ಟು. 171 ನಿವಾಸಿಗಳ ಕೂದಲು ಮತ್ತು ಉಗುರುಗಳನ್ನು ಪರೀಕ್ಷಿಸಿದಾಗ ಎಲ್ಲರಲ್ಲಿಯೂ ಸಹಜಕ್ಕಿಂತ ಹೆಚ್ಚಿನ ಆರ್ಸೆನಿಕ್ ಕಂಡುಬಂದಿತು. ವೈದ್ಯಕೀಯ ತಪಾಸಣೆಗೊಳಗಾದ 181 ಮಂದಿಯಲ್ಲಿ ಶೇ. 58.6ರಷ್ಟು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಸಂಶಯವಿದ್ದ ನಾಲ್ವರ ಚರ್ಮದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂವರಲ್ಲಿ ರೋಗ ಖಚಿತವಾಯಿತು. ನೀರಿನೊಡನೆ ಮಣ್ಣನ್ನೂ ನೋಡಲಾಯಿತು. ಮೇಲ್ಮಣ್ಣಿನ 12 ಮಾದರಿಗಳ ಪೈಕಿ ಆರರಲ್ಲಿ ಪ್ರತಿ ಕಿಲೋಗ್ರಾಂಗೆ 2000 ಮಿಲಿಗ್ರಾಂಗಿಂತ ಅಧಿಕ ಆರ್ಸೆನಿಕ್ ಇತ್ತು.

ತಾಂಡಾ ಎಂಬ ಹೆಸರೇ ಸೂಚಿಸುವಂತೆ ಇದು ಲಂಬಾಣಿ ಜನರ ನೆಲೆ. ಬಹುತೇಕ ಮನೆಗಳವರು ಒಂದೇ ನೆಲದಡಿಯ ನೀರು ಕುಡಿದು ಬಾಳಿದವರು. ಇಷ್ಟು ಚಿಕ್ಕ ಜನವಸತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೈಮೇಲೆ ಗುರುತು ಮೂಡುವವರೆಗೂ ಕಾರಣ ಹೊರಬೀಳಲಿಲ್ಲವೆಂಬುದೇ ಈ ಪ್ರಕರಣದಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ.

ಬಂಡೆಯಿಂದ ಬಾವಿಗೆ

ಹಟ್ಟಿ, ಮಂಗಳೂರು ಮುಂತಾದ ಕಡೆಗಳಲ್ಲಿ ಚಿನ್ನ ದೊರೆಯುವುದು ಗ್ರೀನ್‌ಸ್ಟೋನ್ ಅಥವಾ ಶಿಸ್ಟ್ ಪಟ್ಟಿಗಳೆಂದು ಕರೆಯಲಾಗುವ ಅತಿ ಪ್ರಾಚೀನ ಶಿಲೆಗಳಲ್ಲಿ. ಇಂತಹ ಶಿಲೆಗಳಲ್ಲಿ ಚಿನ್ನದ ಜೊತೆಗೆ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜ ಸಾಮಾನ್ಯವಾಗಿ ಇರುತ್ತದೆ. ಗಣಿ ಶೋಧಕರು ಆರ್ಸೆನಿಕ್ ಕಂಡಲ್ಲಿ ಚಿನ್ನವನ್ನು ಹುಡುಕುವುದುಂಟು. ಬಂಡೆ ಆಳದಲ್ಲಿ ಗಾಳಿಯ ಸೋಂಕಿಲ್ಲದೆ ಇದ್ದಷ್ಟು ಕಾಲ ಈ ಖನಿಜವು ಸ್ಥಿರವಾಗಿರುತ್ತದೆ. ಬಿರುಕುಗಳ ಮೂಲಕ ಆಮ್ಲಜನಕವುಳ್ಳ ನೀರು ಒಳಹೊಕ್ಕಾಗ ಅದು ಕರಗತೊಡಗಿ ಆರ್ಸೆನಿಕ್ ಅಂತರ್ಜಲಕ್ಕೆ ಸೇರುತ್ತದೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ನುಣುಪಾದ ಪುಡಿಯನ್ನು ಬಯಲಲ್ಲಿ ಸುರಿದಿದ್ದರೆ ಗಾಳಿ ಮಳೆಗಳು ಅದನ್ನು ಇನ್ನಷ್ಟು ಬೇಗ ಹರಡುತ್ತವೆ. ಕಿರದಳ್ಳಿ ತಾಂಡಾದ ಮಣ್ಣಿನಲ್ಲಿ ಕಂಡ ಆರ್ಸೆನಿಕ್ ಇಂತಹ ಗಣಿ ತ್ಯಾಜ್ಯದಿಂದ ಬಂದಿರಬಹುದೆಂದು ಸಂಶೋಧಕರು ಊಹಿಸಿದರೇ ಹೊರತು ಖಚಿತವಾಗಿ ಹೇಳಲಿಲ್ಲ. ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದಕ್ಕೆ ಹೆಚ್ಚಿನ ಅಧ್ಯಯನ ಬೇಕೆಂದೇ ಅವರು ಬರೆದರು.

ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಆರ್ಸೆನಿಕ್ ಸಮಸ್ಯೆಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಅದು ನದಿಗಳು ತಂದು ಹರಡಿದ ಮೆಕ್ಕಲು ಮಣ್ಣಿನಿಂದ ಬರುತ್ತದೆ, ನೂರಾರು ಮೈಲಿ ವ್ಯಾಪಿಸಿದೆ. ಇಲ್ಲಿ ಗಟ್ಟಿ ಬಂಡೆ. ನೀರು ಬಿರುಕಿನಿಂದ ಬಿರುಕಿಗೆ ಬೇರೆ. ಒಂದು ಬಾವಿಯಲ್ಲಿ ಮಿತಿ ಮೀರಿದ ಆರ್ಸೆನಿಕ್ ಇದ್ದು, ಕೂಗಳತೆಯ ಇನ್ನೊಂದರಲ್ಲಿ ಏನೂ ಇಲ್ಲದಿರುವುದು ಸಾಧ್ಯ. ಆದುದರಿಂದ ‘ಪಕ್ಕದವರ ಬೋರಿನ ನೀರು ಪಾಸಾಗಿದೆ’ ಎಂಬ ಮಾತು ಈ ಭಾಗದಲ್ಲಿ ಆಧಾರವಾಗಲಾರದು. ಕೃಷ್ಣಾ ನದಿಯ ನೀರಿಗೂ ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ. ಇದು ಅಂತರ್ಜಲದ ಪ್ರಶ್ನೆ.

ಅಕ್ಕಿ ವರ್ತಕರು ಈ ಭೇದವನ್ನು ನೆನಪಿಡುವುದು ಒಳಿತು. ನಿಂತ ನೀರಿನಲ್ಲಿ ಬೆಳೆಯುವ ಭತ್ತವು ಇತರ ಧಾನ್ಯಗಳಿಗಿಂತ ಹೆಚ್ಚು ಆರ್ಸೆನಿಕ್ ಹೀರುತ್ತದೆಯೆಂಬುದು ಸಿದ್ಧಪಟ್ಟ ಸಂಗತಿ. ಅಂತರರಾಷ್ಟ್ರೀಯ ಆಹಾರ ಮಾನಕಗಳ ಆಯೋಗವಾದ ಕೋಡೆಕ್ಸ್ 2014ರಲ್ಲಿ ಪಾಲಿಷ್ ಅಕ್ಕಿಗೆ ಪ್ರತಿ ಕಿಲೋಗ್ರಾಂಗೆ 0.2 ಮಿಲಿಗ್ರಾಂ, 2016ರಲ್ಲಿ ಪಾಲಿಷ್ ಮಾಡದ ಅಕ್ಕಿಗೆ 0.35 ಮಿಲಿಗ್ರಾಂ ನಿರವಯವ ಆರ್ಸೆನಿಕ್ ಮಿತಿಯನ್ನು ಗೊತ್ತುಪಡಿಸಿತು. ಒಂದು ತಾಂಡಾದ ಬಾವಿಗಳ ಅಂಕಿಗಳನ್ನು ಹಿಡಿದು ಕಾಲುವೆಯಡಿಯ ಇಡೀ ಸೀಮೆಯ ಅಕ್ಕಿಯನ್ನು ಶಂಕಿಸುವುದು ಅನ್ಯಾಯ. ಚಿನ್ನದ ಶಿಲೆಯ ಪಟ್ಟಿಯಲ್ಲಿ ಕೊಳವೆಬಾವಿಯಿಂದಲೇ ಬೆಳೆದ ಭತ್ತದ ವಿಷಯ ಬೇರೆ. ಅದನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಜಾಣತನ.

ಕಾಯಿಲೆಯ ಗುರುತು

ನೀರಿನೊಡನೆ ಹೊಟ್ಟೆ ಸೇರಿದ ಆರ್ಸೆನಿಕ್‌ನ ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಉಳಿದುದು ಗಂಧಕವುಳ್ಳ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಅಂತಹ ಪ್ರೋಟೀನು. ವೈದ್ಯರು ಇತ್ತೀಚಿನ ಸೇವನೆಯನ್ನು ತಿಳಿಯಲು ಮೂತ್ರವನ್ನೂ, ಹಿಂದಿನ ತಿಂಗಳುಗಳದನ್ನು ತಿಳಿಯಲು ಕೂದಲು ಉಗುರುಗಳನ್ನೂ ಪರೀಕ್ಷಿಸುವುದು ಇದೇ ಕಾರಣಕ್ಕೆ. ಉಗುರು ಒಂದು ರೀತಿಯಲ್ಲಿ ದೇಹದ ಖಾತೆ ಪುಸ್ತಕ.

ಹೊರಗೆ ಕಾಣುವ ಲಕ್ಷಣಗಳು ನಿಧಾನವಾಗಿ, ಸಾಮಾನ್ಯವಾಗಿ ವರ್ಷಗಟ್ಟಲೆ ಸೇವನೆಯ ನಂತರ ಬರುತ್ತವೆ. ಎದೆ, ಬೆನ್ನುಗಳ ಮೇಲೆ ಒಣ ಮಣ್ಣಿಗೆ ಮಳೆಹನಿ ಸಿಡಿದಂತೆ ಕಪ್ಪು, ಬಿಳಿ ಚುಕ್ಕೆಗಳು ಮೂಡುತ್ತವೆ. ಅಂಗೈ ಅಂಗಾಲುಗಳ ಚರ್ಮ ದಪ್ಪವಾಗಿ ಆಣಿಯಂತಹ ಗಂಟುಗಳು ಏಳುತ್ತವೆ. ಹೊಲದಲ್ಲಿ, ಮಿಲ್ಲಿನಲ್ಲಿ, ಹಮಾಲಿಯಲ್ಲಿ ದುಡಿಯುವವರ ಅಂಗೈ ಸಹಜವಾಗಿಯೇ ಜಡ್ಡುಗಟ್ಟಿರುವುದರಿಂದ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಚುಕ್ಕೆಗಳನ್ನು ಕುಷ್ಠವೆಂದು ತಿಳಿದು ಮರೆಮಾಚುವವರೂ ಉಂಟು. ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳಿಗೆ ಕುಡಿಯುವ ನೀರಿನ ಆರ್ಸೆನಿಕ್ ಕಾರಣವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಸ್ಪಷ್ಟವಾಗಿ ಅಂಗೀಕರಿಸಿದೆ. ಹೃದಯ ಮತ್ತು ರಕ್ತನಾಳಗಳ ರೋಗದೊಡನೆ ಅದರ ನಂಟೂ ದೃಢಪಟ್ಟಿದೆ.

ಈ ಭಾಗದಲ್ಲಿ ಇನ್ನೊಂದು ತೊಡಕಿದೆ. ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ತಾಂಡಾಗಳಲ್ಲಿ ಹೇರಳ. ದೂರದ ನಗರದ ಆಸ್ಪತ್ರೆಯಲ್ಲಿ ರೋಗಿಯ ಚರ್ಮವನ್ನು ನೋಡುವ ವೈದ್ಯರು ಸಿಮೆಂಟು, ಸುಣ್ಣ, ಬಿಸಿಲುಗಳನ್ನು ಕಾರಣವೆಂದು ಎಣಿಸಬಹುದು. ಹತ್ತು ವರ್ಷಗಳ ಹಿಂದೆ ಊರಿನಲ್ಲಿ ಯಾವ ಬಾವಿಯ ನೀರು ಕುಡಿದಿರೆಂದು ಕೇಳುವುದು ಅಪರೂಪ. ಯಾದಗಿರಿಯಲ್ಲಿ 2022–23ನೇ ಸಾಲಿನಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿರುವುದು ಈ ದೃಷ್ಟಿಯಿಂದ ಮಹತ್ವದ್ದು. ರೋಗಿಯ ಊರನ್ನೂ ಆ ಊರಿನ ಬಂಡೆಯನ್ನೂ ಬಲ್ಲ ವೈದ್ಯರು ಸಮೀಪದಲ್ಲಿದ್ದರೆ ರೋಗ ನಿರ್ಣಯದ ಅರ್ಧ ಕೆಲಸ ಆದಂತೆ.

ಔಷಧಕ್ಕಿಂತ ಮೊದಲು ನೀರು

ವಿಷವನ್ನು ದೇಹದಿಂದ ಹೊರಗೆಳೆಯುವ ಔಷಧಗಳ ಪ್ರಯೋಗ ನಡೆದಿಲ್ಲವೆಂದಲ್ಲ. ಪಶ್ಚಿಮ ಬಂಗಾಳದ ವೈದ್ಯ ಗುಹಾ ಮಜುಂದಾರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಬೋಧಪ್ರದವಾಗಿದೆ. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಿ.ಎಂ.ಎಸ್.ಎ. ಎಂಬ ಔಷಧವನ್ನೂ, ಇನ್ನೊಂದಕ್ಕೆ ಅದೇ ರೂಪದ ಔಷಧವಿಲ್ಲದ ಗುಳಿಗೆಯನ್ನೂ ನೀಡಲಾಯಿತು. ಔಷಧ ಪಡೆದವರು ಸುಧಾರಿಸಿದರು. ಔಷಧವಿಲ್ಲದ ಗುಳಿಗೆ ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು! ಎರಡು ಗುಂಪಿನವರಿಗೂ ಆಸ್ಪತ್ರೆಯಲ್ಲಿ ಶುದ್ಧ ನೀರು, ಒಳ್ಳೆಯ ಊಟ, ವಿಶ್ರಾಂತಿ ದೊರೆತಿದ್ದವು. ಹೋಲಿಕೆಯ ಗುಂಪು ಇಲ್ಲದಿದ್ದರೆ ಗುಣವೆಲ್ಲವೂ ಔಷಧದ ಖಾತೆಗೆ ಜಮೆಯಾಗಿ, ಆ ಗುಳಿಗೆ ಹಳ್ಳಿಹಳ್ಳಿಗೂ ಮಾರಾಟವಾಗುತ್ತಿತ್ತು. 2001ರಲ್ಲಿ ಇದೇ ತಂಡವು ಡಿ.ಎಂ.ಪಿ.ಎಸ್. ಎಂಬ ಮತ್ತೊಂದು ಔಷಧದಿಂದ ಕೆಲಮಟ್ಟಿನ ಪ್ರಯೋಜನ ಕಂಡಿತಾದರೂ ಇದು ಎಲ್ಲರಿಗೂ ಸಲ್ಲುವ ಚಿಕಿತ್ಸೆಯಾಗಿ ನೆಲೆಗೊಂಡಿಲ್ಲ. ಬಾಂಗ್ಲಾದೇಶದಲ್ಲಿ ನಡೆದ ಪ್ರಯೋಗಗಳಲ್ಲಿ ಫೋಲಿಕ್ ಆಮ್ಲದ ಪೂರೈಕೆಯು ರಕ್ತದ ಆರ್ಸೆನಿಕ್ ಪ್ರಮಾಣವನ್ನು ತಗ್ಗಿಸಿದೆ. ಪೌಷ್ಟಿಕ ಆಹಾರ, ಗಂಟುಗಳಿಗೆ ಮುಲಾಮು, ಕ್ಯಾನ್ಸರ್‌ನ ಸಂಶಯವಿರುವ ಹುಣ್ಣುಗಳನ್ನು ಬೇಗ ತೆಗೆಸುವುದು, ಎಲ್ಲಕ್ಕಿಂತ ಮೊದಲು ನೀರಿನ ಬದಲಾವಣೆ: ಇಂದಿನ ಚಿಕಿತ್ಸಾ ಕ್ರಮ ಇಷ್ಟೇ.

ವಿಚಿತ್ರವೆಂದರೆ ಇದೇ ಆರ್ಸೆನಿಕ್‌ನ ಒಂದು ಸಂಯುಕ್ತವು ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಪ್ರಬಲ ಔಷಧ. ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಲ್ಲಿ ಆರಂಭಿಸಿದ ಪ್ರಯೋಗ ಮುಂದುವರಿದು, 2000ದಲ್ಲಿ ಅಮೆರಿಕದ ಔಷಧ ಪ್ರಾಧಿಕಾರದ ಮನ್ನಣೆಯನ್ನೂ ಪಡೆಯಿತು. ಅಳೆದು, ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಕೊಡುವ ಔಷಧಕ್ಕೂ ಅಳತೆಯಿಲ್ಲದೆ ದಿನಾಲೂ ಕೊಡದಿಂದ ಹೊಟ್ಟೆ ಸೇರುವ ನೀರಿಗೂ ಹೋಲಿಕೆಯಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವರ್ಷಗಟ್ಟಲೆ ಕುಡಿದಾದ ಮೇಲೆ ನೀರು ಬದಲಾಯಿಸಿ ಫಲವೇನು ಎಂಬ ಪ್ರಶ್ನೆಗೆ ಎರಡು ದೇಶಗಳ ಅನುಭವ ಉತ್ತರ ನೀಡುತ್ತದೆ. ಚಿಲಿ ದೇಶದ ಆಂಟೊಫಗಾಸ್ತಾ ನಗರದ ಜನರು 1958ರಿಂದ 1970ರವರೆಗೆ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದ ನೀರನ್ನು ಕುಡಿದರು. ಶುದ್ಧೀಕರಣ ಘಟಕ ಬಂದ ಎರಡು ಮೂರು ದಶಕಗಳ ನಂತರವೂ ಅಲ್ಲಿ ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಮರಣಗಳು ಅಧಿಕವಾಗಿಯೇ ಇದ್ದವು. ಇದು ನಿರಾಶೆಯ ಚಿತ್ರ. ಬಾಂಗ್ಲಾದೇಶದ ಅರೈಹಜಾರ್ ಪ್ರದೇಶದಲ್ಲಿ 2000ದಿಂದ ಸುಮಾರು 20 ವರ್ಷ ಕಾಲ ಹನ್ನೊಂದು ಸಾವಿರದಷ್ಟು ವಯಸ್ಕರನ್ನು ಗಮನಿಸಿದ ಅಧ್ಯಯನದ ಫಲಿತಾಂಶವು 2025ರಲ್ಲಿ ಅಮೆರಿಕದ ವೈದ್ಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆರ್ಸೆನಿಕ್ ಸೇವನೆ ತಗ್ಗಿದವರಲ್ಲಿ ಹೃದ್ರೋಗ, ಕ್ಯಾನ್ಸರ್ ಮೊದಲಾದ ದೀರ್ಘಕಾಲಿಕ ರೋಗಗಳಿಂದ ಸಾಯುವ ಸಂಭವವು, ಅಧಿಕ ಸೇವನೆ ಮುಂದುವರಿದವರಿಗೆ ಹೋಲಿಸಿದರೆ, ಅರ್ಧದವರೆಗೆ ಇಳಿದುದು ಅಲ್ಲಿ ಕಂಡುಬಂದಿತು. ತಡವಾಗಿ ಬದಲಾಯಿಸಿದರೂ ಲಾಭವಿದೆಯೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಹಿಂದೆ ದೊರೆತಿರಲಿಲ್ಲ.

ಅರಿತವರ ಹೊಣೆ

ಮೇಲೆ ಹೇಳಿದ ಬಾಂಗ್ಲಾದೇಶದ ಅಧ್ಯಯನದಲ್ಲಿ ನೀತಿಯ ದೃಷ್ಟಿಯಿಂದ ಗಮನಿಸತಕ್ಕ ಒಂದು ಅಂಶವಿದೆ. ಸಂಶೋಧಕರು ಬಾವಿಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಕಡತದಲ್ಲಿ ಬಚ್ಚಿಟ್ಟು ಯಾರು ರೋಗಕ್ಕೆ ತುತ್ತಾಗುವರೆಂದು ಎಣಿಸುತ್ತಾ ಕೂರಲಿಲ್ಲ. ಪ್ರತಿ ಮನೆಯವರಿಗೂ ಅವರ ಬಾವಿಯ ಸ್ಥಿತಿಯನ್ನು ತಿಳಿಸಿದರು, ಬಾವಿಗಳಿಗೆ ಗುರುತು ಹಾಕಿದರು. ಅನೇಕರು ಸುರಕ್ಷಿತ ಬಾವಿಗೆ ಬದಲಾದರು. ಹಾಗೆ ಬದಲಾದುದರಿಂದಲೇ ‘ಬದಲಾವಣೆಯಿಂದ ಲಾಭವುಂಟೆ’ ಎಂಬ ಪ್ರಶ್ನೆಗೆ ಉತ್ತರ ದೊರೆಯಿತು. ಒಳ್ಳೆಯ ನೀತಿ ಒಳ್ಳೆಯ ವಿಜ್ಞಾನಕ್ಕೆ ಅಡ್ಡಿಯಾಗುತ್ತದೆಂಬ ಅಭಿಪ್ರಾಯಕ್ಕೆ ಇಲ್ಲಿ ಪುಷ್ಟಿಯಿಲ್ಲ.

ಭಾರತದಲ್ಲಿ ಮಾನವರನ್ನೊಳಗೊಂಡ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2000ದಲ್ಲಿ ನೀತಿ ಸೂತ್ರಗಳನ್ನು ಹೊರಡಿಸಿ, 2006ರಲ್ಲಿ ಪರಿಷ್ಕರಿಸಿ, 2017ರಲ್ಲಿ ವಿಸ್ತಾರವಾದ ರಾಷ್ಟ್ರೀಯ ಮಾರ್ಗಸೂಚಿಯನ್ನು ಪ್ರಕಟಿಸಿತು. ನೈತಿಕತಾ ಸಮಿತಿಯ ಪೂರ್ವಾನುಮತಿ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಪಡೆದ ಸಮ್ಮತಿ, ವೈಯಕ್ತಿಕ ವಿವರಗಳ ಗೋಪ್ಯತೆ, ಸಂಶೋಧನೆಯ ಫಲದಲ್ಲಿ ಸಮುದಾಯಕ್ಕೂ ಪಾಲು – ಇವು ಅದರ ಆಧಾರ ಸ್ತಂಭಗಳು. ವೈದ್ಯಕೀಯ ಸಂಶೋಧನೆಯ ವಿಶ್ವಮಾನ್ಯ ನೀತಿಸಂಹಿತೆಯಾದ ಹೆಲ್ಸಿಂಕಿ ಘೋಷಣೆಯು 2024ರಲ್ಲಿ ಪರಿಷ್ಕೃತವಾದಾಗ ಸಂಶೋಧನೆಗೆ ಮುನ್ನ, ನಡೆಯುವಾಗ ಮತ್ತು ಮುಗಿದ ಮೇಲೂ ಸಮುದಾಯದೊಡನೆ ಅರ್ಥಪೂರ್ಣ ಸಂಪರ್ಕವಿರಬೇಕೆಂಬ ಮಾತನ್ನು ಸೇರಿಸಲಾಯಿತು.

ಕಾಗದದ ಮೇಲೆ ಇವು ಸುಲಭ. ತಾಂಡಾದಲ್ಲಿ ‘ಅರ್ಥವಾಗುವ ಭಾಷೆ’ ಎಂದರೆ ಕನ್ನಡವೂ ಅಲ್ಲ, ಲಂಬಾಣಿ. ಚರ್ಮದ ತುಣುಕನ್ನು ತೆಗೆಯುವ ಮುನ್ನ ಅದು ಏತಕ್ಕೆ, ಅದರಿಂದ ತನಗೇನು, ಬೇಡವೆಂದರೆ ಚಿಕಿತ್ಸೆ ನಿಲ್ಲುವುದೇ ಎಂಬುದನ್ನು ಹೆಬ್ಬೆಟ್ಟು ಒತ್ತುವಾಕೆಗೆ ಆಕೆಯ ಮಾತಿನಲ್ಲೇ ಹೇಳಬೇಕಾಗುತ್ತದೆ. ಊರಿನ ಹೆಸರನ್ನು ಪ್ರಕಟಿಸಬೇಕೇ ಎಂಬುದು ಮತ್ತೂ ಕಠಿಣ ಪ್ರಶ್ನೆ. ಪ್ರಕಟಿಸಿದರೆ ಸರಕಾರದ ಗಮನ ಬೀಳುತ್ತದೆ, ನೀರು ಬರುವ ದಾರಿಯಾಗುತ್ತದೆ. ಅದೇ ಹೆಸರಿನಿಂದ ಆ ಊರಿನ ಹೆಣ್ಣುಮಕ್ಕಳ ಸಂಬಂಧ ಮುರಿಯಬಹುದು. ಬಾಂಗ್ಲಾದೇಶದಲ್ಲಿ ಇಂತಹ ಸಾಮಾಜಿಕ ದೂರೀಕರಣವು ದಾಖಲಾಗಿದೆ. ವ್ಯಕ್ತಿಯ ಹೆಸರನ್ನು ಮರೆಮಾಡಬಹುದು, ನೂರಿನ್ನೂರು ಜನರ ಊರನ್ನು ಮರೆಮಾಡಿದರೆ ನೀರೇ ಬರದು. ಈ ಪ್ರಕರಣದಲ್ಲಿ ಹೆಸರು ಹೇಳಿದ್ದೇ ಸರಿ ಎನ್ನಬೇಕಾಗುತ್ತದೆ, ಆದರೆ ಹೇಳಿದ ಮೇಲಿನ ಹೊಣೆ ಹೇಳಿದವರೊಬ್ಬರದೇ ಅಲ್ಲ.

ಉದ್ಯೋಗದಾತರಿಗೂ ಈ ನೀತಿ ಅನ್ವಯಿಸುವ ಸಂದರ್ಭಗಳಿವೆ. ಗಿರಣಿಯವರು ಕಾರ್ಮಿಕರಿಗಾಗಿ ಆರೋಗ್ಯ ಶಿಬಿರ ಏರ್ಪಡಿಸುವುದು ಸ್ತುತ್ಯ. ಶಿಬಿರದಲ್ಲಿ ಯಾರ ಮೈಮೇಲೆ ಏನು ಕಂಡಿತೆಂಬ ಪಟ್ಟಿಯು ವೈದ್ಯರ ಮತ್ತು ಆ ಕಾರ್ಮಿಕರ ನಡುವಿನದು. ಅದು ಗುತ್ತಿಗೆದಾರರ ಕೈ ಸೇರಿ ‘ಚರ್ಮರೋಗದವರು ಬೇಡ’ ಎಂದಾಗಬಾರದು. ಆರ್ಸೆನಿಕ್ ಕಾಯಿಲೆ ಅಂಟುಜಾಡ್ಯವಲ್ಲ.

ಕೇಳದೆ ಇದ್ದರೆ ಹೇಳದ ವರದಿ

ವ್ಯಾಪಾರಸ್ಥರಿಗೆ ಅತ್ಯಂತ ಹತ್ತಿರದ ಪಾಠ ಬ್ರಿಟನ್ನಿನ ನ್ಯಾಯಾಲಯದ್ದು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು ಬಾಂಗ್ಲಾದೇಶದ ಸುಮಾರು 150 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ ವರದಿ ನೀಡಿತ್ತು. ಹಲವಾರು ಧಾತುಗಳನ್ನು ಅಳೆಯಲಾಗಿತ್ತು, ಆರ್ಸೆನಿಕ್ ಆ ಪಟ್ಟಿಯಲ್ಲಿರಲಿಲ್ಲ. ಮರುವರ್ಷವೇ, 1993ರಲ್ಲಿ, ಆ ದೇಶದ ಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಮುಂದೆ ಅಲ್ಲಿ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ, ಮಿತಿ ಮೀರಿದವುಗಳಿಗೆ ಕೆಂಪು, ಉಳಿದವಕ್ಕೆ ಹಸಿರು ಬಣ್ಣ ಬಳಿಯಬೇಕಾಯಿತು. ಕಾಯಿಲೆಗೊಳಗಾದ ಒಬ್ಬ ನಿವಾಸಿ, ಆ ವರದಿ ನೀರು ಸುರಕ್ಷಿತವೆಂಬ ಭಾವನೆ ಮೂಡಿಸಿತೆಂದು ಇಂಗ್ಲೆಂಡಿನಲ್ಲಿ ದಾವೆ ಹೂಡಿದರು. 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು ದಾವೆಯನ್ನು ತಳ್ಳಿಹಾಕಿತು. ಪರೀಕ್ಷಿಸಿದುದರ ಬಗ್ಗೆ ಸಂಸ್ಥೆ ಹೇಳಿದ್ದೆಲ್ಲ ನಿಜ. ಪರೀಕ್ಷಿಸದಿದ್ದುದರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ದೇಶದ ಜನರೆಲ್ಲರ ನೀರಿನ ಸುರಕ್ಷತೆಯ ಕಾನೂನು ಹೊಣೆ ಅದರ ಮೇಲಿರಲಿಲ್ಲ ಎಂಬುದು ತೀರ್ಪಿನ ತಿರುಳು. ಕಾನೂನಿಗೆ ಇದು ಸರಿಯಿರಬಹುದು. ನೀರು ಕುಡಿದವರಿಗೆ ಅದರಿಂದ ಸಮಾಧಾನ ದೊರೆತಿರಲಾರದು.

ಉದ್ದಿಮೆಯ ಕಪಾಟಿನಲ್ಲಿರುವ ನೀರಿನ ವರದಿಯನ್ನು ಈ ಕಣ್ಣಿನಿಂದ ನೋಡಬೇಕು. ಸಾಮಾನ್ಯವಾಗಿ ಪಿ.ಎಚ್., ಗಡಸುತನ, ಕ್ಲೋರೈಡ್, ಟಿ.ಡಿ.ಎಸ್., ಹೆಚ್ಚೆಂದರೆ ಫ್ಲೋರೈಡ್ ಮತ್ತು ನೈಟ್ರೇಟ್ ಇರುವ ವರದಿಗಳಲ್ಲಿ ‘ಕುಡಿಯಲು ಯೋಗ್ಯ’ ಎಂಬ ಮುದ್ರೆ ಬಿದ್ದಿರುತ್ತದೆ. ಆರ್ಸೆನಿಕ್ ಎಂಬ ಸಾಲು ಅದರಲ್ಲಿ ಇಲ್ಲದಿದ್ದರೆ ಆ ಮುದ್ರೆಗೂ ಆರ್ಸೆನಿಕ್‌ಗೂ ಸಂಬಂಧವಿಲ್ಲ. ಕೈಯಳವಿನ ಟಿ.ಡಿ.ಎಸ್. ಮೀಟರು ಲೀಟರಿಗೆ 50 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದರೂ ಕದಲುವುದಿಲ್ಲ. ಸಾಲು ಇದ್ದು ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದರೆ, ಪ್ರಯೋಗಾಲಯದ ಪತ್ತೆ ಮಿತಿ ಎಷ್ಟೆಂದು ಕೇಳಬೇಕು. 50 ಮೈಕ್ರೋಗ್ರಾಂಗಿಂತ ಕೆಳಗಿನದನ್ನು ಅಳೆಯಲಾರದ ವಿಧಾನದಲ್ಲಿ ‘ಪತ್ತೆಯಾಗಿಲ್ಲ’ ಎಂಬುದು ನಿಷ್ಪ್ರಯೋಜಕ, ಏಕೆಂದರೆ ಮಿತಿಯೇ 10.

ಈ ಮಿತಿಯೂ ಹಂತಹಂತವಾಗಿ ಇಳಿದು ಬಂದುದು. ವಿಶ್ವ ಆರೋಗ್ಯ ಸಂಸ್ಥೆ 1958ರಲ್ಲಿ ಲೀಟರಿಗೆ 0.20 ಮಿಲಿಗ್ರಾಂ ಎಂದಿತ್ತು, 1963ರಲ್ಲಿ 0.05ಕ್ಕೆ ಇಳಿಸಿತು, 1993ರಲ್ಲಿ 0.01ಕ್ಕೆ ತಂದಿತು. ಭಾರತದ ಕುಡಿಯುವ ನೀರಿನ ಮಾನಕವಾದ ಐ.ಎಸ್. 10500ರಲ್ಲಿ ಬೇರೆ ನೀರಿಲ್ಲದ ಕಡೆ 0.05ರವರೆಗೆ ಇದ್ದ ರಿಯಾಯಿತಿಯನ್ನು 2015ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಹಳೆಯ ವರದಿಗಳಲ್ಲಿ 0.03 ಎಂದಿದ್ದು ‘ಮಿತಿಯೊಳಗೆ’ ಎಂದು ಬರೆದಿದ್ದರೆ ಅದು ಈಗ ಮಿತಿಯ ಹೊರಗೆ. ಆಹಾರ ತಯಾರಿಕೆಯಲ್ಲಿ ಬಳಸುವ ನೀರು ಇದೇ ಮಾನಕಕ್ಕೆ ಒಳಪಟ್ಟಿರಬೇಕೆಂಬುದು ಆಹಾರ ಪರವಾನಗಿಯ ಷರತ್ತು. ಖಾನಾವಳಿ, ಬೇಕರಿ, ಮಂಜುಗಡ್ಡೆ ಕಾರ್ಖಾನೆಗಳಿಗೂ ಇದು ಅನ್ವಯ. ಬಾಟಲಿ ನೀರನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2024ರಲ್ಲಿ ಅಧಿಕ ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ಕಾರ್ಮಿಕರಿಗೆ ಕುಡಿಯಲು ಯೋಗ್ಯವಾದ ನೀರೊದಗಿಸುವ ಹೊಣೆ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ.

ಮಾದರಿ ಸಂಗ್ರಹದಲ್ಲಿಯೂ ಎಚ್ಚರಿಕೆ ಬೇಕು. ಬಾವಿಯ ಪಂಪನ್ನು ಕೆಲವು ನಿಮಿಷ ಓಡಿಸಿದ ಮೇಲೆ, ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು, ಪ್ರಯೋಗಾಲಯ ಕೊಡುವ ಆಮ್ಲವನ್ನು ಬೆರೆಸಿ ಕಳುಹಿಸುವುದು ಕ್ರಮ. ಆಮ್ಲ ಬೆರೆಸದಿದ್ದರೆ ನೀರಿನ ಕಬ್ಬಿಣ ತಳಕ್ಕೆ ಕೂರುವಾಗ ಆರ್ಸೆನಿಕ್ ಅದಕ್ಕಂಟಿ ಇಳಿದು, ವರದಿಯ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ರೋಗಾಣು ಪರೀಕ್ಷೆಗೆ ಬೇರೆಯೇ ಬಾಟಲಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಮಾಡಿಸಿದರೆ ಏರಿಳಿತ ತಿಳಿಯುತ್ತದೆ. ಸ್ಥಳದಲ್ಲೇ ಕಾಗದದ ಬಣ್ಣ ಹಳದಿಯಿಂದ ಕಂದಿಗೆ ತಿರುಗುವುದನ್ನು ನೋಡುವ ಕಿಟ್‌ಗಳು ಮೊದಲ ಜಾಲಾಟಕ್ಕೆ ಸಾಕು, ಪರವಾನಗಿಗೆ ಸಾಲವು.

ಘಟಕ ಮಾರುವವರು, ಕೊಳ್ಳುವವರು

ಕುದಿಸಿದರೆ ರೋಗಾಣು ಸಾಯುತ್ತದೆ, ಆರ್ಸೆನಿಕ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಅಲ್ಟ್ರಾವಯೊಲೆಟ್ ದೀಪಗಳಿಂದಲೂ ಪ್ರಯೋಜನವಿಲ್ಲ. ಆರ್.ಒ. ಘಟಕವು ಆರ್ಸೆನಿಕ್‌ನ ಒಂದು ರೂಪವನ್ನು ಚೆನ್ನಾಗಿ ತಡೆಯುತ್ತದೆ, ಇನ್ನೊಂದು ರೂಪವನ್ನು ಅಷ್ಟಾಗಿ ತಡೆಯದು. ಮೂರು ಸಂಯೋಜಕತೆಯ ಆರ್ಸೆನಿಕ್‌ಗೆ ವಿದ್ಯುದಾವೇಶವಿಲ್ಲದುದರಿಂದ ಅದು ಪೊರೆಯನ್ನು ದಾಟಿ ಹೋಗುವುದುಂಟು. ಮೊದಲು ಕ್ಲೋರಿನ್ ಮುಂತಾದವುಗಳಿಂದ ಅದನ್ನು ಐದು ಸಂಯೋಜಕತೆಯ ರೂಪಕ್ಕೆ ತಿರುಗಿಸಿ, ಪೊರೆ ಹಾಳಾಗದಂತೆ ಉಳಿದ ಕ್ಲೋರಿನ್ನನ್ನು ಇಂಗಾಲದ ಮೂಲಕ ತೆಗೆದು, ಆನಂತರ ಆರ್.ಒ.ಗೆ ಬಿಡಬೇಕಾಗುತ್ತದೆ. ಕಬ್ಬಿಣದ ಆಕ್ಸೈಡ್ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಸೋಸುಕಗಳೂ ಇವೆ. ಅವುಗಳ ಹೀರುವ ಶಕ್ತಿ ಮುಗಿದುದು ರುಚಿಯಿಂದ ತಿಳಿಯದು, ಪರೀಕ್ಷೆಯಿಂದಲೇ ತಿಳಿಯಬೇಕು. ಘಟಕ ಮಾರುವವರು ಒಳಬರುವ ನೀರಿನ ವರದಿಯನ್ನು ನೋಡದೆಯೇ ‘ಎಲ್ಲ ವಿಷವನ್ನೂ ತೆಗೆಯುತ್ತದೆ’ ಎಂದು ಭರವಸೆ ಕೊಟ್ಟರೆ, ಕೊಳ್ಳುವವರು ಹೊರಬರುವ ನೀರಿನ ಆರ್ಸೆನಿಕ್ ಅಂಕಿಯನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಲೇಸು.

ಶಾಶ್ವತ ಪರಿಹಾರವು ನದಿಯ ನೀರಿನದೇ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಗಳು ಜಲಜೀವನ ಯೋಜನೆಯಡಿ ಯಾದಗಿರಿ ಜಿಲ್ಲೆಯ ಬಹುಗ್ರಾಮ ಕುಡಿಯುವ ನೀರಿನ ಕಾಮಗಾರಿಗೆ ಅಡಿಗಲ್ಲು ಹಾಕಿದರು. ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಏಳುನೂರಕ್ಕೂ ಹೆಚ್ಚು ಜನವಸತಿಗಳನ್ನೂ ಮೂರು ಪಟ್ಟಣಗಳನ್ನೂ ಮುಟ್ಟುವ ಯೋಜನೆಯಿದು. ನಲ್ಲಿ ಬಂದ ಊರಿನಲ್ಲಿಯೂ ವಿದ್ಯುತ್ ಹೋದ ದಿನ, ಪೈಪು ಒಡೆದ ವಾರ ಜನರು ಹಳೆಯ ಬೋರಿಗೇ ಮರಳುವುದರಿಂದ, ಮಿತಿ ಮೀರಿದ ಬಾವಿಗಳಿಗೆ ಬಾಂಗ್ಲಾದೇಶದಂತೆ ಕೆಂಪು ಬಣ್ಣ ಬಳಿದಿಡುವುದು ಅಗ್ಗದ ಉಪಾಯ.

ಆರ್.ಒ. ಘಟಕಗಳ ಹಿಂಬದಿಯಲ್ಲಿ ಹರಿದುಹೋಗುವ ತ್ಯಾಜ್ಯ ನೀರಿನ ವಿಷಯ ಉಳಿಯಿತು. ಒಳಬಂದ ಆರ್ಸೆನಿಕ್ ನಾಶವಾಗುವುದಿಲ್ಲ, ಶುದ್ಧ ನೀರಿನಿಂದ ಬೇರ್ಪಟ್ಟು ಆ ತ್ಯಾಜ್ಯದಲ್ಲಿ ಕೂಡಿಕೊಳ್ಳುತ್ತದೆ. ಒಳಬರುವ ನೀರಿನಲ್ಲಿ 100 ಮೈಕ್ರೋಗ್ರಾಂ ಇದ್ದು, ಅರ್ಧ ನೀರು ತ್ಯಾಜ್ಯವಾಗಿ ಹೋದರೆ, ಅದರಲ್ಲಿ ಸುಮಾರು 200 ಮೈಕ್ರೋಗ್ರಾಂ ಇರುತ್ತದೆ. ಅದನ್ನು ದನಗಳ ತೊಟ್ಟಿಗಾಗಲಿ, ಕಾಯಿಪಲ್ಯದ ಮಡಿಗಾಗಲಿ, ಇಂಗುಗುಂಡಿಗಾಗಲಿ ಬಿಡುವಂತಿಲ್ಲ. ಇಂಗುಗುಂಡಿಗೆ ಬಿಟ್ಟರೆ ಅದು ಮರಳಿ ಅದೇ ಬಂಡೆಯ ಬಿರುಕಿಗೆ, ಅಲ್ಲಿಂದ ಅದೇ ಬೋರಿಗೆ ಸೇರುತ್ತದೆ.